ಅತೀತತೆಯೂ ಆಚಾರವೂ

‘ಅತಿ’ ಎಂಬ ಉಪಸರ್ಗವು ಗಮನಾರ್ಥಕವಾದ ‘ಇ’ ಧಾತುವಿನೊಡನೆ ಕೂಡಿ ‘ಅತೀತ’ವೆಂಬ ಶಬ್ದವು ಹುಟ್ಟಿದೆ, ದಾಟಿಹೋದುದು ಎಂದು ಅದರ ಅರ್ಥ. ತತ್ತ್ವಶಾಸ್ತ್ರದಲ್ಲಿಯೂ ಮತಗ್ರಂಥಗಳಲ್ಲಿಯೂ ಈ ಶಬ್ದಕ್ಕೆ ಎರಡು ಬಗೆಯ ಪ್ರಯೋಗವುಂಟು. ಪರವಸ್ತುವು ಜಗತ್ತನ್ನೂ ವಾಙ್ಮನಸ್ಸುಗಳನ್ನೂ ಮೀರಿದುದೆಂಬುದು ಒಂದು. ಆ ವಸ್ತುವನ್ನರಿತ ಪುರುಷನು ಲೋಕದ ಕಟ್ಟಳೆಗಳನ್ನು ಮೀರಿದವನೆಂಬುದು ಇನ್ನೊಂದು. ಮೊದಲನೆಯದರ ಚರ್ಚೆಯು ಬಹುಮಟ್ಟಿಗೆ ಪಂಡಿತರ ಸಭೆಯಲ್ಲಿಯೇ ಮುಗಿಯುತ್ತದೆ. ಎರಡನೆಯದಾದರೋ ಸಭೆಯಿಂದ ಹೊರಬಿದ್ದು ಗೃಹಸ್ಥರ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ತಾನು ದ್ವಂದ್ವಾತೀತನೆಂದು ಹೇಳಿಕೊಂಡವನ ಪಾದದಲ್ಲಿ ಧನವನ್ನೂ ಮಾನವನ್ನೂ ಇಟ್ಟು, ಕೊನೆಗೆ ಎರಡನ್ನೂ ಕಳೆದುಕೊಂಡ ಸಂಸಾರಗಳು ಹಿಂದೆಯೂ ಇದ್ದುವು, ಇಂದೂ ಇವೆ. ಆದಕಾರಣ ಅತೀತನಾದವನಿಗೆ ಧರ್ಮವುಂಟೆ, ಇಲ್ಲವೆ ಎಂಬ ಪ್ರಶ್ನೆಯು ಬರಿಯ ತರ್ಕವಿನೋದವಲ್ಲ.

ಪರವಸ್ತುವಿನ ಅತೀತತೆಯನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಉಪನಿಷತ್ತುಗಳು ಬ್ರಹ್ಮವನ್ನು ಹೇಳಹೊರಟು ಅದಲ್ಲ ಇದಲ್ಲವೆಂದು ಹಿಂದೆಗೆಯುತ್ತವೆ. ಗ್ರೀಸ್ ದೇಶದ ಪ್ಲೇಟೋ ತನ್ನ ‘ರಿಪಬ್ಲಿಕ್’ ಎಂಬ ಸಂವಾದಗ್ರಂಥದಲ್ಲಿ ಪರಮಶ್ರೇಯಸ್ಸನ್ನು ಸತ್ತೆಗಿಂತಲೂ ಆಚೆಗೆ ಇಡುತ್ತಾನೆ. ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತನಾದ ಮೈಮೋನಿಡೀಸನು ದೇವರನ್ನು ಕುರಿತು ನಿಷೇಧರೂಪವಾದ ಮಾತುಗಳೇ ಹೆಚ್ಚು ಸತ್ಯವೆಂದು ವಾದಿಸಿದನು. ಶಂಕರರು ನಿರ್ಗುಣವೆಂದರು, ಮಧ್ವರು ಸ್ವತಂತ್ರತತ್ತ್ವವೆಂದರು. ಇವರೊಳಗೆ ಭೇದವು ಅಲ್ಪವಲ್ಲ. ಆದರೂ ಮನುಷ್ಯನ ಅಳತೆಗೋಲಿನಲ್ಲಿ ಪರವಸ್ತುವನ್ನು ಅಳೆದು ಮುಗಿಸಲಾಗದೆಂಬ ವಿಷಯದಲ್ಲಿ ಇವರೆಲ್ಲರ ಮುಖವೂ ಒಂದೇ ಕಡೆಗೆ ತಿರುಗಿದೆ. ಈ ಅಳೆಯಲಾಗದ ಹಿರಿಮೆಯನ್ನೇ ಮನುಷ್ಯನೊಬ್ಬನು ತನ್ನ ಮೇಲೆ ಹೊದೆದುಕೊಂಡಾಗ ತೊಡಕು ಮೊದಲಾಗುತ್ತದೆ.

ಅತೀತನಿಗೆ ಧರ್ಮವಿಲ್ಲವೆಂಬವರ ವಾದವನ್ನು ಮೊದಲು ಪೂರ್ಣವಾಗಿ ಕೇಳುವುದು ನ್ಯಾಯ. ವಿಧಿನಿಷೇಧಗಳು ‘ನಾನು ಮಾಡುವವನು’ ಎಂಬ ಬುದ್ಧಿಯುಳ್ಳವನನ್ನು ಕುರಿತು ಹೊರಟುವು. ಆ ಬುದ್ಧಿಯೇ ಅಳಿದ ಮೇಲೆ ಅವು ಯಾರನ್ನು ಕುರಿತು ಆಜ್ಞಾಪಿಸಬೇಕು? ಮಾಳಿಗೆಯನ್ನು ಹತ್ತಿದವನಿಗೆ ಏಣಿಯ ಹಂಗೇಕೆ? ಇನ್ನೂ ಕಟ್ಟಿಗೆ ಒಳಗಾಗಿದ್ದರೆ ಅವನು ದಾಟಿದುದಾದರೂ ಏನನ್ನು? ಮೇಲಾಗಿ ಕೌಷೀತಕಿ ಉಪನಿಷತ್ತಿನಲ್ಲಿ ಇಂದ್ರನು ಪ್ರತರ್ದನನಿಗೆ, ತನ್ನನ್ನರಿತವನ ಲೋಕವು ಕಳವು ಮೊದಲಾದ ಘೋರಕರ್ಮಗಳಿಂದಲೂ ಕೆಡದೆಂದು ಉಪದೇಶಿಸುತ್ತಾನೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಅಹಂಕಾರರಹಿತನನ್ನು ಕುರಿತು ಬಂದಿರುವ ಮಾತೂ ಇದಕ್ಕೆ ಹತ್ತಿರವಾದುದೇ. ಇದಿಷ್ಟು ಪೂರ್ವಪಕ್ಷ.

ಈ ಪೂರ್ವಪಕ್ಷಕ್ಕೆ ಉತ್ತರವನ್ನು ಹೇಳಿದವರು ಅದ್ವೈತದ ಹೊರಗಿನವರು ಮಾತ್ರವೆಂದು ತಿಳಿಯಬಾರದು. ಶಂಕರರ ಶಿಷ್ಯರೆಂದು ಪ್ರಸಿದ್ಧರಾದ ಸುರೇಶ್ವರರು ‘ನೈಷ್ಕರ್ಮ್ಯಸಿದ್ಧಿ’ಯಲ್ಲಿ ಈ ಯಥೇಷ್ಟಾಚರಣದ ಶಂಕೆಯನ್ನು ತಾವೇ ಎತ್ತಿ ಕಠಿನವಾಗಿ ಖಂಡಿಸಿದ್ದಾರೆ. ಅವರ ಯುಕ್ತಿಯ ತಿರುಳು ‘ಯಥೇಷ್ಟ’ವೆಂಬ ಶಬ್ದದಲ್ಲಿಯೇ ಅಡಗಿದೆಯೆನ್ನಬಹುದು. ಇಷ್ಟವಿದ್ದಂತೆ ನಡೆಯಬೇಕಾದರೆ ಮೊದಲು ಇಷ್ಟವಿರಬೇಕಷ್ಟೆ. ಪರರ ಧನವನ್ನು ಬಯಸದವನಿಗೆ ಕದಿಯಬೇಡವೆಂಬ ನಿಷೇಧವು ಅನಾವಶ್ಯಕವೆಂಬುದೇನೋ ದಿಟ; ಆದರೆ ಅವನಿಗೆ ಕಳವೂ ಅಷ್ಟೇ ಅನಾವಶ್ಯಕವು. ನಿಷೇಧವು ತನಗೆ ಸಲ್ಲದೆನ್ನುತ್ತ ನಿಷಿದ್ಧವನ್ನು ಮಾತ್ರ ಬಿಡದವನಲ್ಲಿ ಕಟ್ಟು ಹರಿದಿದೆ, ಕಾಮವು ಉಳಿದಿದೆ. ಅವನು ಕಟ್ಟಳೆಯನ್ನು ಮೇಲಿನಿಂದ ದಾಟಿದವನಲ್ಲ, ಕೆಳಗಿನಿಂದ ನುಸುಳಿದವನು. ದೂರದಿಂದ ನೋಡುವವರಿಗೆ ಇಬ್ಬರೂ ಬೇಲಿಯ ಆಚೆಗೇ ಕಾಣುತ್ತಾರೆ. ಆದುದರಿಂದಲೇ ಜನರು ಮೋಸಹೋಗುವುದು.

ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ಪೀಠವನ್ನಲಂಕರಿಸಿದ ವಿದ್ಯಾರಣ್ಯರು ಈ ವಿಚಾರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಕೊಂಡೊಯ್ದಿದ್ದಾರೆ. ಅವರ ‘ಜೀವನ್ಮುಕ್ತಿವಿವೇಕ’ದಲ್ಲಿ ತತ್ತ್ವಜ್ಞಾನವೊಂದೇ ಸಾಲದು, ವಾಸನಾಕ್ಷಯವೂ ಮನೋನಾಶವೂ ಕೂಡಿರಬೇಕೆಂಬುದು ಸಿದ್ಧಾಂತ. ಇದಕ್ಕೆ ಅವರು ಆರಿಸಿಕೊಂಡ ನಿದರ್ಶನವಾದರೋ ಸಾಮಾನ್ಯನದಲ್ಲ, ಬೃಹದಾರಣ್ಯಕದ ಯಾಜ್ಞವಲ್ಕ್ಯನದು. ಜನಕರಾಜನು ಸಾವಿರ ಹಸುಗಳನ್ನು, ಒಂದೊಂದರ ಕೊಂಬುಗಳಿಗೆ ಹತ್ತು ಹತ್ತು ಪಾದ ಚಿನ್ನವನ್ನು ಕಟ್ಟಿಸಿ, ಬ್ರಹ್ಮಿಷ್ಠನಾದವನು ಹೊಡೆದುಕೊಂಡು ಹೋಗಲೆಂದು ನಿಲ್ಲಿಸಿದನು. ಯಾಜ್ಞವಲ್ಕ್ಯನು ವಾದಕ್ಕೆ ಮೊದಲೇ ಅವುಗಳನ್ನು ತನ್ನ ಶಿಷ್ಯನಿಂದ ಹೊಡೆಸಿದನು, ಒಬ್ಬೊಬ್ಬರನ್ನಾಗಿ ಗೆದ್ದನು, ಕೊನೆಗೆ ಅವನ ಪ್ರಶ್ನೆಗೆ ಉತ್ತರವನ್ನು ಕೊಡಲಾರದೆ ಶಾಕಲ್ಯನ ತಲೆಯು ಬಿದ್ದುಹೋಯಿತು. ವಿದ್ಯಾರಣ್ಯರು ಈ ಋಷಿಯನ್ನು ಜ್ಞಾನಿಯಲ್ಲವೆನ್ನುವುದಿಲ್ಲ. ಜ್ಞಾನಿಯಾಗಿದ್ದರೂ ವಿದ್ಯಾಮದವೂ ಧನತೃಷ್ಣೆಯೂ ಅವನಲ್ಲಿ ಉಳಿದಿದ್ದುವೆಂದೂ, ಆ ಚಿತ್ತವಿಶ್ರಾಂತಿಗಾಗಿಯೇ ಅವನು ಮುಂದೆ ಸನ್ಯಾಸವನ್ನು ಕೈಕೊಂಡನೆಂದೂ ಹೇಳುತ್ತಾರೆ. ಉಪನಿಷದೃಷಿಯ ನಡತೆಯನ್ನೇ ಪರೀಕ್ಷೆಗೆ ಗುರಿಮಾಡಿದ ಮೇಲೆ, ಈಚಿನವರಲ್ಲಿ ಯಾರನ್ನು ಪರೀಕ್ಷಿಸಬಾರದೆಂದು ಹೇಳಲಾದೀತು?

ಬೌದ್ಧರಲ್ಲಿಯೂ ಈ ವಿವಾದವು ಎದ್ದಿತು. ದಡವನ್ನು ಸೇರಿದವನು ತೆಪ್ಪವನ್ನು ಹೊತ್ತು ತಿರುಗಬಾರದೆಂಬ ಬುದ್ಧನ ದೃಷ್ಟಾಂತವು ಪ್ರಸಿದ್ಧವಾದುದು. ಧರ್ಮವನ್ನು ಬಿಡಲು ಅದು ಅಪ್ಪಣೆಚೀಟಿಯೆಂದು ತಿಳಿಯುವವರು ಅದು ಬಂದಿರುವ ಸಂದರ್ಭವನ್ನು ಗಮನಿಸಬೇಕು. ಮಜ್ಝಿಮನಿಕಾಯದ ಆ ಸುತ್ತವು ಅರಿಟ್ಠನೆಂಬ ಭಿಕ್ಷುವಿನ ಪ್ರಸಂಗದಿಂದ ಆರಂಭವಾಗುತ್ತದೆ. ಭಗವಂತನು ಅಂತರಾಯವೆಂದು ಹೇಳಿದ ವಿಷಯಗಳು ಅನುಭವಿಸುವವನಿಗೆ ನಿಜವಾಗಿ ಅಂತರಾಯವಲ್ಲವೆಂಬುದು ಅವನ ಹಟ. ಬುದ್ಧನು ಅವನನ್ನು ಭರ್ತ್ಸಿಸಿ, ಹಾವನ್ನು ತಪ್ಪಾಗಿ ಹಿಡಿದವನನ್ನು ಅದೇ ಕಚ್ಚುವಂತೆ ತಪ್ಪಾಗಿ ಗ್ರಹಿಸಿದ ಉಪದೇಶವೂ ಕೆಡಿಸುತ್ತದೆಂದು ಎಚ್ಚರಿಸಿದನು. ತೆಪ್ಪದ ಮಾತು ಅದಾದ ಮೇಲೆ ಬರುತ್ತದೆ. ದಡ ಸೇರಿದವನ ಮಾತು ನಡುಹೊಳೆಯಲ್ಲಿರುವವನಿಗೆ ಸಲ್ಲದು.

ಐರೋಪ್ಯ ಕ್ರೈಸ್ತರಲ್ಲಿ ೧೩೧೧-೧೨ರಲ್ಲಿ ಫ್ರಾನ್ಸಿನ ವಿಯೆನ್ ನಗರದಲ್ಲಿ ಕೂಡಿದ ಧರ್ಮಸಭೆಯು, ಪೂರ್ಣತೆಯನ್ನು ಪಡೆದವನಿಗೆ ಉಪವಾಸಪ್ರಾರ್ಥನೆಗಳೂ ವಿಧೇಯತೆಯೂ ಬೇಕಿಲ್ಲವೆಂಬ ಮತವನ್ನು ನಿಷೇಧಿಸಿತು. ಆರೋಪಕ್ಕೆ ಗುರಿಯಾದವರು ನಿಜವಾಗಿ ಸ್ವೇಚ್ಛೆಯಿಂದ ನಡೆದರೋ ಎಂಬುದರಲ್ಲಿ ಇತಿಹಾಸಜ್ಞರಿಗೆ ಸಂಶಯವುಂಟು. ಅದೇ ಕಾಲದ ಜರ್ಮನ್ ಯತಿಯಾದ ಎಕ್ಹಾರ್ಟನು ಸಭೆಯ ನಿಷೇಧಕ್ಕಿಂತ ಚೆನ್ನಾದ ಉತ್ತರವನ್ನು ಕೊಟ್ಟಿದ್ದಾನೆ. ಸಮಾಧಿಯ ಆನಂದದಲ್ಲಿರುವವನಿಗೆ ರೋಗಿಯೊಬ್ಬನು ಒಂದು ಬಟ್ಟಲು ಸಾರಿಗಾಗಿ ಕಾದಿರುವನೆಂದು ತಿಳಿದರೆ, ಆ ಆನಂದವನ್ನು ಬಿಟ್ಟೆದ್ದು ಸಾರನ್ನು ಕೊಡುವುದೇ ಮೇಲೆಂಬುದು ಅವನ ಉಪದೇಶದ ಭಾವ. ಪ್ಲೇಟೋ ಹೇಳಿದ ಗುಹೆಯ ರೂಪಕದಲ್ಲಿಯೂ, ಹೊರಗೆ ಹೋಗಿ ಸೂರ್ಯನನ್ನು ಕಂಡವನು ಸೆರೆಯಾಳುಗಳ ನಡುವೆ ಮರಳಿ ಇಳಿಯಲೇಬೇಕು.

ಈ ಪರೀಕ್ಷೆಗೆ ಬುಡಗಟ್ಟನ್ನು ಹಾಕಿಕೊಟ್ಟವನು ಕಾಂಟ್. ೧೭೮೧ರಲ್ಲಿ ಪ್ರಕಟವಾದ ಅವನ ಶುದ್ಧಬುದ್ಧಿಯ ವಿಮರ್ಶೆಯು, ಅನುಭವದ ಎಲ್ಲೆಯನ್ನು ದಾಟಿದ ವಸ್ತುವನ್ನು ಚಿಂತಿಸಬಹುದಲ್ಲದೆ ತಿಳಿದೆನೆಂದು ಸಾಧಿಸಲಾಗದೆಂದು ತೋರಿಸಿತು. ೧೭೮೫ರ ನೀತಿಗ್ರಂಥದಲ್ಲಿ ಅವನು, ಸುವಾರ್ತೆಯ ಪವಿತ್ರಪುರುಷನನ್ನು ಸಹ ಪವಿತ್ರನೆಂದು ಗುರುತಿಸುವುದಕ್ಕೆ ಮೊದಲು ಮನುಷ್ಯನು ತನ್ನೊಳಗಿನ ಧರ್ಮಾದರ್ಶದೊಡನೆ ಹೋಲಿಸಿ ನೋಡಲೇಬೇಕಾಗುತ್ತದೆಂದು ವಾದಿಸಿದನು. ಇದರಿಂದ ಫಲಿಸುವುದಿಷ್ಟು: ಒಬ್ಬನ ಒಳಗಣ ಅನುಭವವು ಹೊರಗಿನವರ ಕಣ್ಣಿಗೆ ಬೀಳುವಂಥದಲ್ಲ, ಕಣ್ಣಿಗೆ ಬೀಳುವುದು ನಡತೆಯೊಂದೇ. ಆ ಒಂದು ಸಾಕ್ಷಿಯನ್ನೂ ಲೆಕ್ಕಿಸಬಾರದೆನ್ನುವವನು ತನ್ನ ಮಾತಿಗೆ ತಾನೇ ಸಾಕ್ಷಿಯಾಗಿ ನಿಲ್ಲುತ್ತಾನೆ.

ಇಲ್ಲಿ ಒಂದು ಆಕ್ಷೇಪವುಂಟು. ಲೋಕಾಚಾರವೇ ಒರೆಗಲ್ಲಾದರೆ ಲೋಕಾಚಾರವನ್ನು ತಿದ್ದಿದ ಮಹಾತ್ಮರು ಅಪರಾಧಿಗಳಾಗುವುದಿಲ್ಲವೆ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಕುಲದ ಕಟ್ಟನ್ನು ಒಡೆದುದು ಕಡಮೆಯ ಮೀರಿಕೆಯೆ? ಆಕ್ಷೇಪವು ಬಲವಾದುದೇ. ರೂಢಿಯೇ ಧರ್ಮದ ಕೊನೆಯ ಮಾತಾದರೆ ಅನ್ಯಾಯದ ರೂಢಿಯನ್ನು ಪ್ರಶ್ನಿಸಲು ನೆಲೆಯೇ ಉಳಿಯದು. ಆ ನೆಲೆಯನ್ನು ಕೊಡುವುದೇ ಅತೀತವಾದ ತತ್ತ್ವವು. ಹಾಗಾದರೆ ಒಂದು ಮೀರಿಕೆಗೂ ಇನ್ನೊಂದಕ್ಕೂ ಅಂತರವನ್ನು ಕಾಣುವುದು ಹೇಗೆ?

ಶ್ರೀವೈಷ್ಣವರ ಗುರುಪರಂಪರೆಯ ಕಥೆಯೊಂದು ಇದಕ್ಕೆ ದಾರಿಯನ್ನು ತೋರುತ್ತದೆ. ಮುಂದೆ ಮೇಲುಕೋಟೆಯಲ್ಲಿ ನೆಲಸಿದ ರಾಮಾನುಜರು ತಿರುಕ್ಕೋಟ್ಟಿಯೂರ್ ನಂಬಿಗಳೆಂಬ ಗುರುಗಳ ಬಳಿಗೆ ಹದಿನೆಂಟು ಸಾರಿ ಹೋಗಿ ರಹಸ್ಯಾರ್ಥವನ್ನು ಪಡೆದರು. ಯಾರಿಗೂ ಹೇಳಕೂಡದೆಂಬುದು ಗುರುಗಳ ಕಟ್ಟಳೆ. ರಾಮಾನುಜರಾದರೋ ದೇವಾಲಯದ ಎಡೆಯಲ್ಲಿ ನೆರೆದ ಜನಕ್ಕೆಲ್ಲ ಅದನ್ನು ಸಾರಿದರು. ಇದಕ್ಕೆ ನರಕವೇ ಫಲವೆಂದು ಗುರುಗಳು ಗದರಿಸಲು, ಇಷ್ಟು ಜನರು ಉದ್ಧಾರವಾಗುವುದಾದರೆ ತಾನೊಬ್ಬನು ನರಕಕ್ಕೆ ಹೋಗಲೆಂದು ಒಪ್ಪಿಕೊಂಡರು. ಕಟ್ಟಳೆಯನ್ನು ಮುರಿದುದೇನೋ ನಿಜ. ಆದರೆ ಲಾಭವು ಪರರಿಗೆ, ದಂಡವು ತನಗೆ. ತನಗೆ ಶಿಕ್ಷೆಯಿಲ್ಲವೆಂದು ಅವರು ಹೇಳಲಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕಪಟಿಯಾದವನ ಮೀರಿಕೆಯಲ್ಲಿ ಇದು ತಲೆಕೆಳಗಾಗಿರುತ್ತದೆ: ಭೋಗವು ತನಗೆ, ದುಃಖವು ಶಿಷ್ಯರಿಗೆ, ಪ್ರಶ್ನಿಸಿದವರಿಗೆ ಅಜ್ಞಾನಿಗಳೆಂಬ ಬಿರುದು.

ಆದುದರಿಂದ ಅತೀತತೆಯನ್ನು ಅಲ್ಲಗಳೆಯಬೇಕಾಗಿಲ್ಲ. ಅದರ ಹೆಸರಿನಲ್ಲಿ ವಿವೇಕವನ್ನು ಅಡವಿಡಬೇಕಾಗಿಯೂ ಇಲ್ಲ. ಶಿಷ್ಯನು ಗುರುವಿನ ಅಂತರಂಗದ ಎತ್ತರವನ್ನು ಅಳೆಯಲಾರನು. ಅದು ಅವನ ಅಧಿಕಾರವೂ ಅಲ್ಲ. ಗುರುವಿನ ನಡತೆಯ ಭಾರವು ಯಾರ ಹೆಗಲಮೇಲೆ ಬಿದ್ದಿದೆಯೆಂಬುದನ್ನು ಮಾತ್ರ ಅವನು ನೋಡಬಲ್ಲನು. ಅಷ್ಟನ್ನು ನೋಡುವುದು ಅಶ್ರದ್ಧೆಯಲ್ಲ. ನೋಡಬೇಡವೆಂದು ತಡೆಯುವವನ ಬಳಿಯಿಂದ ಎದ್ದುಹೋಗುವುದು ಗುರುದ್ರೋಹವೂ ಅಲ್ಲ.