ತೋರಿಕೆಯ ಅಳತೆ

ಮೋಸಹೋಗುವವರೇ ಇಲ್ಲದ ಕಡೆ ಸುಳ್ಳು ಸುಳ್ಳೆನಿಸುವುದೇ? ಈ ಪ್ರಶ್ನೆ ನನಗೆ ಗ್ರಂಥದಿಂದ ಹುಟ್ಟಲಿಲ್ಲ. ರಾಯದುರ್ಗದ ಮೇಸ್ತ್ರಿಯೊಬ್ಬರ ಅಂಗಳದಲ್ಲಿ ಹುಟ್ಟಿತು.

ಬೇಸಿಗೆಯ ರಜೆಯಲ್ಲಿ ಬಂಧುಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆನು. ಮೇಸ್ತ್ರಿಗಳು ಪೆಟ್ರೋಲಿನ ಹಳೆಯ ಕೈಪಂಪೊಂದನ್ನು ಬಿಚ್ಚಿ, ಗೋಣಿತಾಟಿನ ಮೇಲೆ ಹರಡಿಕೊಂಡು ಕುಳಿತಿದ್ದರು. ಹೆದ್ದಾರಿಯ ಹೋಟೆಲೊಂದರ ಮುಂದೆ ಅದನ್ನು ಅಲಂಕಾರಕ್ಕೆ ನಿಲ್ಲಿಸಬೇಕಂತೆ. ಅಮೆರಿಕದ ಫೋರ್ಟ್ ವೇನ್ ಪಟ್ಟಣದ ಬೌಸರ್ ಎಂಬಾತನು 1885ರಲ್ಲಿ ಸೀಮೆಎಣ್ಣೆಗಾಗಿ ರಚಿಸಿದ ಪಂಪಿನ ವಂಶಕ್ಕೆ ಸೇರಿದ್ದು ಇದು. ಸನ್ನೆಯನ್ನು ಹಿಂದೆ ಮುಂದೆ ಆಡಿಸಿದರೆ ನೆಲದೊಳಗಿನ ತೊಟ್ಟಿಯಿಂದ ಎಣ್ಣೆ ಮೇಲೇರಿ ಗಾಜಿನ ಪಾತ್ರೆಯನ್ನು ತುಂಬುತ್ತದೆ. ಮಿಕ್ಕಿದ್ದು ಒಳಗಿನ ಕೊಳವೆಯ ಬಾಯಿಗೆ ಬಿದ್ದು ತೊಟ್ಟಿಗೇ ಹಿಂದಿರುಗುತ್ತದೆ. ಕೊಳ್ಳುವವನು ಕಣ್ಣಾರೆ ಕಂಡ ಮೇಲೆ ನಲ್ಲಿ ತಿರುಗಿಸಿ, ಪಾತ್ರೆಯಲ್ಲಿದ್ದುದನ್ನು ವಾಹನಕ್ಕಿಳಿಸುವುದು. ಆ ಕೊಳವೆಯ ಎತ್ತರದಲ್ಲಿಯೇ ಪಂಪಿನ ಪ್ರಾಮಾಣಿಕತೆ ಅಡಗಿದೆ: ಅದು ತಗ್ಗಿದರೆ ಗಿರಾಕಿಗೆ ನಷ್ಟ, ಏರಿದರೆ ಅಂಗಡಿಯವನಿಗೆ.

ಚರ್ಮದ ವಾಷರುಗಳು ಒಣಗಿ ಸೀಳಿದ್ದವು, ಕವಾಟದ ಸ್ಪ್ರಿಂಗು ತುಕ್ಕು ತಿಂದು ಪುಡಿಯಾಗಿತ್ತು, ಗಾಜು ಒಡೆದಿತ್ತು. ಒಂದೊಂದಾಗಿ ಎಲ್ಲವೂ ಹೊಸದಾದುವು. ಹಾಗಾದರೆ ಹಳೆಯ ಪಂಪು ಉಳಿದುದೆಲ್ಲಿ? ನಾಗಸೇನ ಭಿಕ್ಷುವು ಮಿಲಿಂದರಾಜನ ಮುಂದಿಟ್ಟ ರಥದ ಪ್ರಶ್ನೆಯೂ ಇಂತಹುದೇ: ಗಾಲಿಯೋ, ಅಚ್ಚೋ, ನೊಗವೋ, ಯಾವುದು ರಥ? (1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿಹೋದ ರಾಯದುರ್ಗದವರಿಗೆ ಇದೇನೂ ತೀರ ಹೊಸ ಪ್ರಶ್ನೆಯಲ್ಲ.) ಮೇಸ್ತ್ರಿಗಳ ಚಿಂತೆ ಬೇರೆ. ಹೊಸ ಗಾಜು ಹಳೆಯದಕ್ಕಿಂತ ದಪ್ಪ. ಒಳಗಿನ ಜಾಗ ಕಡಿಮೆ. ಕೊಳವೆಯನ್ನು ಮೊದಲಿನಂತೆಯೇ ಬಿಟ್ಟರೆ ಅಳತೆ ತಪ್ಪುವುದು. ಹಿಂದಿನ ಸತ್ಯ ಉಳಿಯಬೇಕಾದರೆ ಹಿಂದಿನ ಭಾಗವನ್ನು ಬದಲಿಸಲೇಬೇಕು!

ಒಂದು ಗ್ಯಾಲನ್ ಎಂದರೆ ಸುಮಾರು 4.546 ಲೀಟರು, ನೀರಾದರೆ ಹತ್ತು ಪೌಂಡು ತೂಕ. ಅವರು ನೀರು ತುಂಬಿ, ಇಳಿಸಿ, ತೂಗಿ, ಕೊಳವೆಗೆ ತುಂಡು ಬೆಸೆದು, ಅರದಿಂದ ಉಜ್ಜಿ, ಮತ್ತೆ ತೂಗಿದರು. ದಿನವೊಂದು ಕಳೆಯಿತು. ಹೋಟೆಲಿನವರು ಕೂಲಿ ಗೊತ್ತುಮಾಡಿದ್ದುದು ಬಣ್ಣಕ್ಕೆ, ಹೊಳಪಿಗೆ ಮಾತ್ರ.

“ಇದರಲ್ಲಿ ಯಾರೂ ಪೆಟ್ರೋಲು ಮಾರುವುದಿಲ್ಲ. 1956ರ ಕಾನೂನಿನಿಂದ ಮೆಟ್ರಿಕ್ ಪದ್ಧತಿ ಬಂದು ಗ್ಯಾಲನ್ನೇ ವ್ಯವಹಾರದಿಂದ ಮರೆಯಾಗಿದೆ. ಯಾರಿಗಾಗಿ ಈ ಶ್ರಮ?” ಎಂದೆನು.

“ಮೇಲೆ ಒಂದು ಗ್ಯಾಲನ್ ಅಂತ ಬರೆದೈತಲ್ಲ, ಮೇಷ್ಟ್ರೇ” ಎಂದರು.

ಪರರಿಗೆ ಹಾನಿಯಾದರೆ ಮಾತ್ರ ಅಸತ್ಯ ಪಾಪವೆಂದು ವಾದಿಸುವವರುಂಟು. ಹಾಗೆ ನೋಡಿದರೆ ಇಲ್ಲಿ ನಷ್ಟವಾದುದು ಸತ್ಯದಿಂದಲೇ. ಅವರ ಒಂದು ದಿನದ ಕೂಲಿ, ಅಂದರೆ ಮನೆಮಂದಿಯ ಅನ್ನ. ಆ ನಷ್ಟವನ್ನು ಹಗುರವಾಗಿ ಎಣಿಸಲಾರೆನು. ಆದರೂ ಅವರು ತಪ್ಪು ಮಾಡಿದರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಬರೆದ ಮಾತಿಗೂ ಇರುವ ವಸ್ತುವಿಗೂ ನಡುವಣ ಒಪ್ಪಂದವನ್ನು ಗಿರಾಕಿಯ ಕಣ್ಣಿಗಾಗಿ ಕಾಯುವುದು ವ್ಯಾಪಾರ. ಯಾರೂ ನೋಡದಾಗ ಕಾಯುವುದಕ್ಕೆ ಬೇರೆ ಹೆಸರು ಬೇಕು.

ಮಡಕಶಿರಾ ಕಡೆಯ ನಮ್ಮ ಶಾಲೆಯ ಕಪಾಟಿನಲ್ಲಿ ಒಂದು ತಕ್ಕಡಿಯಿದೆ. ಎಡತಟ್ಟೆ ಜಗ್ಗುತ್ತದೆ. ತೂಕದ ಪಾಠ ಮಾಡುವಾಗ ಬಲತಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ, ಮುಳ್ಳನ್ನು ನಡುವೆ ನಿಲ್ಲಿಸುತ್ತಿದ್ದೆನು. ಒಮ್ಮೆ ಮೂರನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ಬೆರಳು ತೆಗೀರಿ” ಎಂದಳು. “ತೋರಿಸುವುದಕ್ಕೆ ತಾನೇ ಇದು, ಕೂತ್ಕೊ” ಎಂದು ಗದರಿಸಿದ್ದೆನು.

ರಜೆ ಮುಗಿದು ಶಾಲೆ ತೆರೆದ ದಿನ ತಕ್ಕಡಿಯನ್ನು ಕೆಳಗಿಳಿಸಿ, ಅವಳನ್ನೇ ಕರೆದು ಹಿಡಿಸಿದೆನು. ಬಲತಟ್ಟೆಗೆ ಮೂರು ಹುಣಿಸೆಬೀಜ ಬೇಕಾದುವು.