ಅಪ್ಪ ದಡ ಸೇರಿರುತ್ತಾರೆಯೇ?

ನವೆಂಬರ್ 2ರ ಸಂಜೆ, ಮೃತ ವಿಶ್ವಾಸಿಗಳೆಲ್ಲರ ಸ್ಮರಣೆಯ ದಿನ, ನಮ್ಮ ಹಳ್ಳಿಗಳ ಸಮಾಧಿಭೂಮಿಗಳಿಗೆ ಜೀವ ಬರುತ್ತದೆ. ಹುಲ್ಲು ಕಿತ್ತು, ಸುಣ್ಣ ಬಳಿದು, ಸೇವಂತಿಗೆ ಹರಡಿ, ಮೇಣದ ಬತ್ತಿ ಹಚ್ಚಿಟ್ಟು ಕುಟುಂಬಗಳು ಗುರುಗಳ ಪ್ರಾರ್ಥನೆಗಾಗಿ ಕಾದು ನಿಲ್ಲುತ್ತವೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾ ಸಾಗುತ್ತಿದ್ದೆ. ನಲವತ್ತರ ಆಸುಪಾಸಿನ ಒಬ್ಬರು ತಮ್ಮ ತಂದೆಯ ಸಮಾಧಿಯ ಬಳಿ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: "ಫಾದರ್, ಅಪ್ಪ ದಡ ಸೇರಿರ್ತಾರಾ?"

ಆ ತಂದೆಯನ್ನು ನಾನು ಬಲ್ಲೆ. ಕುಡಿತಕ್ಕೆ ದಾಸರಾಗಿ, ಹೆಂಡತಿಯ ಮೇಲೆ ಕೈಮಾಡಿ, ದುಡಿದದ್ದನ್ನೆಲ್ಲ ಕಳೆದವರು. ಒಂದು ರಾತ್ರಿ ಹಠಾತ್ತನೆ ತೀರಿಕೊಂಡರು. ಪಾಪನಿವೇದನೆಯಿಲ್ಲ, ಅಭ್ಯಂಗವಿಲ್ಲ, ಕೊನೆಯ ಪರಮಪ್ರಸಾದವೂ ಇಲ್ಲ. (ಇದು ಪಾಪನಿವೇದನೆಯಲ್ಲಿ ಕೇಳಿದ ಸಂಗತಿಯಲ್ಲ, ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಗುರುಮಠದಲ್ಲಿ ದೈವಶಾಸ್ತ್ರ ಓದಿದವನಿಗೆ ಇಂಥ ಪ್ರಶ್ನೆಗೆ ಉತ್ತರ ನಾಲಗೆಯ ತುದಿಯಲ್ಲಿರಬೇಕು. ಮರಣದ ಕ್ಷಣದಲ್ಲೇ ಪ್ರತಿಯೊಬ್ಬರಿಗೂ ಪ್ರತ್ಯೇಕ ತೀರ್ಪು, ಯುಗಾಂತ್ಯದಲ್ಲಿ ಸಾರ್ವತ್ರಿಕ ತೀರ್ಪು, ದೇವರ ಸ್ನೇಹದಲ್ಲಿ ಮೃತರಾದರೂ ಇನ್ನೂ ಪರಿಶುದ್ಧರಾಗಬೇಕಾದವರಿಗೆ ಶುದ್ಧೀಕರಣ. ಬೋಧನೆಯೇನೋ ಸ್ಪಷ್ಟ. ಆದರೆ ಆ ಮನುಷ್ಯ ಕೇಳಿದ್ದು ಬೋಧನೆಯನ್ನಲ್ಲ, ತನ್ನ ಅಪ್ಪನನ್ನು. ಧರ್ಮಸಭೆ ಸಾವಿರಾರು ಮಂದಿಯನ್ನು ಸಂತರೆಂದು ಘೋಷಿಸಿದೆ. ಇಂಥವನು ನರಕದಲ್ಲಿದ್ದಾನೆಂದು ಒಬ್ಬನ ಹೆಸರನ್ನೂ ಇದುವರೆಗೆ ಸಾರಿಲ್ಲ. ಅದನ್ನು ಅವರಿಗೆ ಹೇಳಿದೆ. ಕ್ರಿಸ್ತರ ಬಲಗಡೆಯೋ ಎಡಗಡೆಯೋ ಶಿಲುಬೆಗೇರಿದ್ದ ಕಳ್ಳನನ್ನೂ ನೆನಪಿಸಿದೆ. ಅವನಿಗೆ ಹಿಂದಿರುಗಿಸಲು ಸಮಯವಿರಲಿಲ್ಲ, ದಾನ ಮಾಡಲು ಕೈಗಳು ಬಿಡುವಾಗಿರಲಿಲ್ಲ. ತನ್ನನ್ನು ನೆನೆಯಿರೆಂದು ಬೇಡಿದ, ಅಷ್ಟೇ. ಅಂದೇ ಪರಂದಾಮವನ್ನು ಪಡೆದ. ಜೀವೋದ್ಧಾರವು ನಾವು ಕೂಲಿಯಾಗಿ ಎಣಿಸಿಕೊಳ್ಳುವ ಹಣವಲ್ಲ, ದಾನ. 1999ರಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ಸಭೆಗಳ ಒಕ್ಕೂಟವೂ ಔಗ್ಸ್‌ಬರ್ಗ್ ನಗರದಲ್ಲಿ ಸಹಿ ಹಾಕಿದ ಜಂಟಿ ಘೋಷಣೆಯ ತಿರುಳೂ ಇದೇ.

ಅವರ ಮುಖ ಅರಳಲಿಲ್ಲ. "ಹಾಗಾದ್ರೆ ಅಮ್ಮ ಅನುಭವಿಸಿದ್ದಕ್ಕೆ ಲೆಕ್ಕಾನೇ ಇಲ್ವಾ ಫಾದರ್?" ಎಂದರು.

ಪ್ರಿಯ ವಾಚಕರೇ, ಈ ಎರಡನೆಯ ಪ್ರಶ್ನೆಯನ್ನು ನಾವು ಗುರುಗಳು ಸುಲಭವಾಗಿ ದಾಟಿಬಿಡುತ್ತೇವೆ. ಶವಸಂಸ್ಕಾರದ ಪ್ರಬೋಧನೆಯಲ್ಲಿ ಸತ್ತವರೆಲ್ಲರನ್ನೂ ಸ್ವರ್ಗಕ್ಕೆ ಕಳುಹಿಸಿಬಿಡುವುದು ನಮ್ಮ ರೂಢಿ. ಪೆಟ್ಟು ತಿಂದವರು ಮುಂದಿನ ಬೆಂಚಿನಲ್ಲೇ ಕುಳಿತು ಕೇಳುತ್ತಿರುತ್ತಾರೆಂಬುದು ನಮಗೆ ಮರೆತಿರುತ್ತದೆ. ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಭರವಸೆಯನ್ನು ಕುರಿತು ಬರೆದ 'ಸ್ಪೆ ಸಾಲ್ವಿ' ಎಂಬ ಪತ್ರದಲ್ಲಿ, ಕೃಪೆಯು ನ್ಯಾಯವನ್ನು ಅಳಿಸಿಹಾಕುವುದಿಲ್ಲವೆಂದು ವಿವರಿಸಿದ್ದಾರೆ. ಏನೂ ನಡೆಯಲೇ ಇಲ್ಲವೆಂಬಂತೆ ಹೊಡೆದವನೂ ಹೊಡೆಸಿಕೊಂಡವಳೂ ಒಂದೇ ಪಂಕ್ತಿಯಲ್ಲಿ ಕೂರಲಾರರು. ಕ್ರಿಸ್ತರನ್ನು ಎದುರುಗೊಳ್ಳುವುದೇ ತೀರ್ಪು. ಆ ದೃಷ್ಟಿ ಸುಡುತ್ತದೆ, ಸುಟ್ಟು ಗುಣಪಡಿಸುತ್ತದೆ. ಆ ತಂದೆ ದಡ ಸೇರಿದ್ದರೆ, ತನ್ನ ಹೆಂಡತಿಯ ಒಂದೊಂದು ಕಣ್ಣೀರ ಹನಿಯನ್ನೂ ಕಂಡೇ ಸೇರಿರಬೇಕು. ಶುದ್ಧೀಕರಣವೆಂದರೆ ನನಗೆ ಅರ್ಥವಾಗಿರುವುದು ಇಷ್ಟು.

ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಯುದ್ಧದಲ್ಲಿ ಮಡಿದ ಸೈನಿಕರನ್ನು ಹೂಳಲು ಹೋದಾಗ ಅವರ ಅಂಗಿಗಳೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕುತ್ತವೆ. ದೇವರಿಗಾಗಿ ಹೋರಾಡಿದವರೇ ದೇವರ ಆಜ್ಞೆ ಮೀರಿದ್ದರು. ಯೂದ ಮಕ್ಕಬಿ ಅವರನ್ನು ಶಪಿಸಲಿಲ್ಲ, ಕಂಡದ್ದನ್ನು ಮುಚ್ಚಿಡಲೂ ಇಲ್ಲ. ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಕೂಡಿಸಿ ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ. ಮೃತರಿಗಾಗಿ ನಾವು ಪೂಜೆ ಸಲ್ಲಿಸುವುದು ಸಜ್ಜನರೆಂದು ಹೊಗಳುವುದಕ್ಕಲ್ಲ. ತಾಯಿತ ಸಿಕ್ಕಿದ ಮೇಲೂ ಕೈಬಿಡದಿರುವುದಕ್ಕೆ.

ಅವರು ಬಹಳ ಹೊತ್ತು ಬತ್ತಿಯನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ನಾನು ಅಪ್ಪನ ಹತ್ರ ಮಾತಾಡಿ ಮೂರು ವರ್ಷ ಆಗಿತ್ತು."

ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯ ಆಗ ನನ್ನನ್ನೇ ತಿವಿಯಿತು. ಕ್ರಿಸ್ತರಾಜರ ಮಹೋತ್ಸವದಂದು ಮೂರು ವರ್ಷಕ್ಕೊಮ್ಮೆ ಓದುವ ಭಾಗ. ಎಡಗಡೆ ನಿಂತವರ ಮೇಲೆ ಕೊಲೆ, ಕಳವು, ವ್ಯಭಿಚಾರದ ಆರೋಪವೇ ಇಲ್ಲ. ಅವರು ಮಾಡಿದ್ದೇನೆಂದು ನ್ಯಾಯಾಧಿಪತಿ ಕೇಳುವುದಿಲ್ಲ. ಮಾಡದೆ ಬಿಟ್ಟದ್ದನ್ನು ಎಣಿಸುತ್ತಾರೆ. ಹಸಿದವನಿಗೆ ಉಣಿಸಲಿಲ್ಲ, ಸೆರೆಯಲ್ಲಿದ್ದವನ ಬಳಿಗೆ ಹೋಗಲಿಲ್ಲ. ಬಲಗಡೆಯವರಿಗೂ ಎಡಗಡೆಯವರಿಗೂ ಅಚ್ಚರಿ, ತಾವು ಕಂಡದ್ದು ಯಾರನ್ನೆಂದು ಇಬ್ಬರಿಗೂ ತಿಳಿದಿರಲಿಲ್ಲ. ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಕರ್ತವ್ಯಲೋಪವನ್ನೂ ಒಪ್ಪಿಕೊಳ್ಳುತ್ತೇವೆ. ಪಾಪನಿವೇದನೆಗೆ ಬಂದಾಗ ಮಾತ್ರ ಆ ಪಟ್ಟಿ ಯಾರ ಬಾಯಿಂದಲೂ ಬರುವುದಿಲ್ಲ. ಸುಳ್ಳು ಹೇಳಿದೆ, ಕೋಪಿಸಿಕೊಂಡೆ, ಭಾನುವಾರ ಪೂಜೆ ತಪ್ಪಿಸಿದೆ, ಅಷ್ಟೇ.

ನನ್ನದನ್ನು ನಾನು ಹೇಳಲೇಬೇಕು. ಆ ತಂದೆ ಕೊನೆಯ ದಿನಗಳಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಗೇಟಿನ ಬಳಿ ನಿಂತಿರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. "ಸ್ವಲ್ಪ ಮಾತಾಡ್ಬೇಕು ಫಾದರ್" ಎನ್ನುತ್ತಿದ್ದರು. ಹೆಂಡದ ವಾಸನೆ ಬರುತ್ತಿತ್ತು. ಇನ್ನೊಂದು ಹಳ್ಳಿಯಲ್ಲಿ ಪೂಜೆಯಿದೆಯೆಂದು ಗಡಿಯಾರ ನೋಡಿಕೊಂಡು, "ನಾಳೆ ಬನ್ನಿ" ಎಂದು ಮೋಟಾರ್‌ಸೈಕಲ್ ಹತ್ತುತ್ತಿದ್ದೆ. ಮೂರೋ ನಾಲ್ಕೋ ಸಲ ಹೀಗಾಗಿರಬಹುದು. ಅವರು ಹೇಳಬೇಕೆಂದಿದ್ದುದು ಪಾಪನಿವೇದನೆಯೇ, ಸಾಲದ ಮಾತೇ, ಈ ಮಗನ ಸಂಗತಿಯೇ, ನನಗೆ ಈಗ ತಿಳಿಯುವ ದಾರಿಯಿಲ್ಲ. ದಡ ಸೇರಿದರೋ ಎಂಬ ಪ್ರಶ್ನೆಯನ್ನು ಆ ಸಂಜೆ ನಾನು ಕೇಳಿಕೊಳ್ಳಬೇಕಾಗಿದ್ದುದು ಗೇಟಿನ ಬಳಿ ನಿಂತವರ ವಿಷಯದಲ್ಲಲ್ಲ, ಮೋಟಾರ್‌ಸೈಕಲ್ ಹತ್ತಿದವನ ವಿಷಯದಲ್ಲಿ.

ಮಗನಿಗೆ ಇದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗುವರೆಂದುಕೊಂಡಿದ್ದೆ, ಆಗಲಿಲ್ಲ. ವರ್ಷಾಂತಿಕಕ್ಕೆ ಪೂಜೆ ಬರೆಸುವ ಮಾತೆತ್ತಿದರು. ಪೂಜೆ ಖಂಡಿತ ಸಲ್ಲಿಸೋಣ ಎಂದು, ತಾಯಿ ಎಲ್ಲಿದ್ದಾರೆಂದು ವಿಚಾರಿಸಿದೆ. ಜಮೀನು ಪಾಲಾದ ಮೇಲೆ ಅವರು ಮಗಳ ಮನೆ ಸೇರಿದ್ದರು. ಅಲ್ಲಿಗೆ ಇವರು ಹೋಗಿರಲಿಲ್ಲ.

ಜೇಬಿನಿಂದ ಮೊಬೈಲ್ ತೆಗೆದು, ಯಾವುದೋ ನಂಬರನ್ನು ನೋಡಿ, ಮತ್ತೆ ಜೇಬಿಗಿಟ್ಟರು. "ಕತ್ತಲಾಯ್ತು ಫಾದರ್, ನಾಳೆ ಮಾಡ್ತೀನಿ" ಎಂದರು.

"ನಿಮ್ಮ ಅಪ್ಪನಿಗೆ ನಾನೂ ನಾಳೆ ಅಂತಲೇ ಹೇಳಿದ್ದೆ" ಎಂದೆ.

ಮುಂದಿನ ಸಮಾಧಿಯ ಬಳಿ ಜನ ಕಾಯುತ್ತಿದ್ದರು. ಅಲ್ಲಿ ಪ್ರಾರ್ಥನೆ ಮುಗಿಸಿ ತಿರುಗಿ ನೋಡಿದಾಗ ಅವರು ಕಾಂಪೌಂಡ್ ಗೋಡೆಯ ಪಕ್ಕ, ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು, ಫೋನಿನಲ್ಲಿ ಗಟ್ಟಿಯಾಗಿ ತಮ್ಮ ಹೆಸರು ಹೇಳುತ್ತಿದ್ದರು. ತಾಯಿಗೆ ಕಿವಿ ಮಂದವೆಂದು ಆಮೇಲೆ ತಿಳಿಯಿತು.