ಫಲಕದ ಬೆನ್ನು

ಬೋರ್ಡಿನ ಮುಖ ಗಿರಾಕಿಯದು, ಬೆನ್ನು ಮಾಡಿದವನದು. ಹಣ ಬರುವುದು ಮುಖಕ್ಕೆ. ಹೆಸರು ಉಳಿಯುವುದೂ ಕೆಡುವುದೂ ಬೆನ್ನಿನಿಂದ.

ಅಂಗಡಿಯವನು ಊರಿಗೆ ಹೋದರೂ ಅವನ ಮಾತು ಬಾಗಿಲ ಮೇಲೆ ನಿಂತಿರುತ್ತದೆ. ಅದನ್ನು ನಿಲ್ಲಿಸಿದವನೂ ಆ ಮಾತಿಗೆ ಸಾಕ್ಷಿ.

ನಿಪ್ಪಾಣಿಗೆ ಒತ್ತಕ್ಷರವಿದೆ, ಚಿಕ್ಕೋಡಿಗೂ ಇದೆ. ಮರಾಠಿಯಲ್ಲಿ ಬರೆದರೆ ಎರಡಕ್ಕೂ ಇಲ್ಲ. ನಕಾಶೆಯಲ್ಲಿ ಗಡಿ ಎಲ್ಲಿಯೇ ಇರಲಿ, ಬೋರ್ಡಿನ ಮೇಲೆ ಅದು ಅಕ್ಷರದ ಕೆಳಗಿದೆ.

ದೇವನಾಗರಿಯ ತಲೆಗೆರೆ ಇಡೀ ಪದಕ್ಕೆ ಒಂದೇ. ಕನ್ನಡದ ತಲಕಟ್ಟು ಅಕ್ಷರಕ್ಕೊಂದು. ಅದು ಒಂದೇ ಸೂರಿನ ಮನೆ. ಇದು ಬೇರೆ ಬೇರೆ ಒಲೆ ಹೂಡಿಯೂ ಒಂದೇ ಓಣಿಯಲ್ಲಿರುವ ಅಣ್ಣತಮ್ಮಂದಿರು. ಇಲ್ಲಿಯ ಕೈ ಎರಡನ್ನೂ ಬರೆಯಬೇಕು. ಒಂದರ ಚಾಳಿ ಇನ್ನೊಂದಕ್ಕೆ ತಗಲಬಾರದು.

ಕನ್ನಡ ಕೆಳಕ್ಕೆ ಜಾಗ ಕೇಳುವ ಲಿಪಿ. ಜಿಪುಣನ ಬೋರ್ಡಿನಲ್ಲಿ ಮೊದಲು ಸಾಯುವುದು ಒತ್ತಕ್ಷರ.

2024ರಲ್ಲಿ ಕಾಯ್ದೆ ಅಳತೆ ಕೊಟ್ಟಿತು: ನೂರಕ್ಕೆ 60 ಭಾಗ ಕನ್ನಡ, ಅದೂ ಮೇಲುಗಡೆ. ಅಂದ ಕೊಡುವುದು ಕಾಯ್ದೆಯ ಕೈಲಾಗದು. ಅದು ಬರೆಯುವವನ ಪಾಲು. ದೊಡ್ಡಕ್ಷರದಲ್ಲಿ ತಪ್ಪಾಗಿ ನಿಂತ ಕನ್ನಡಕ್ಕಿಂತ, ಸಣ್ಣಕ್ಷರದಲ್ಲಿ ಸರಿಯಾಗಿ ನಿಂತ ಕನ್ನಡಕ್ಕೆ ಮರ್ಯಾದೆ ಹೆಚ್ಚು.

ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲಿದೆ: ಮಾಡಿಸಿದವನು ಚಾವುಂಡರಾಯ. ಮೂರು ಭಾಷೆಯೂ ಒಂದೇ ಕಲ್ಲಿನಲ್ಲಿ ಜಗಳವಿಲ್ಲದೆ ನಿಂತಿವೆ. ಕಡೆದವನ ಹೆಸರು ಮೂರರಲ್ಲೂ ಇಲ್ಲ.

2014ರ ನವೆಂಬರ್ 1ರಂದು ಇಂಗ್ಲಿಷಿನ ಬೆಲ್ಗಾಮ್ ಅಳಿದು ಬೆಳಗಾವಿ ಬಂತು. ಬೆಳಗಾವಿ ಎಂದೇ ಬರೆದಿದ್ದ ಕನ್ನಡದ ಬೋರ್ಡುಗಳಲ್ಲಿ ಒಂದು ಚುಕ್ಕೆಯನ್ನೂ ತಿದ್ದಬೇಕಾಗಲಿಲ್ಲ. ಜನರ ಬಾಯಲ್ಲಿದ್ದ ಹೆಸರನ್ನು ಬರೆದವನಿಗೆ ಮರುಕೆಲಸವಿಲ್ಲ.

2018ರಲ್ಲಿ ನಿಪ್ಪಾಣಿಯೂ ಕಾಗವಾಡವೂ ತಾಲ್ಲೂಕುಗಳಾದವು. ಹಳೆಯ ಬೋರ್ಡುಗಳ ‘ತಾ. ಚಿಕ್ಕೋಡಿ’, ‘ತಾ. ಅಥಣಿ’ಗಳ ಮೇಲೆ ಬಣ್ಣ ಬಿತ್ತು. ತೆಳ್ಳಗೆ ಬಳಿದ ಬಣ್ಣದಡಿ ಎರಡು ಮಳೆಗಾಲಕ್ಕೆ ಹಳೆಯ ತಾಲ್ಲೂಕು ಮತ್ತೆ ಇಣುಕುತ್ತದೆ.

ಚಪ್ಪಲಿ ಅಥಣಿಯದು, ಹೆಸರು ಕೊಲ್ಲಾಪುರದ್ದು. 2019ರ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಬೆಳಗಾವಿ ಜಿಲ್ಲೆಗೆ ಜಾಗ ಸಿಕ್ಕಿತು; ಹೆಸರು ಹಾಗೇ ಉಳಿಯಿತು. ಕೈ ಎಷ್ಟೇ ಪಳಗಿರಲಿ, ಮೊದಲು ಬೋರ್ಡು ಬರೆಸಿದ ಊರಿಗೇ ಕಸುಬು ಸಲ್ಲುತ್ತದೆ.

ಹತ್ತು ಅಡಿ ದೂರಕ್ಕೆ ಒಂದು ಅಂಗುಲದ ಅಕ್ಷರ. ಇದು ಕಸುಬಿನ ಹಳೆಯ ಲೆಕ್ಕ. ನಿಪ್ಪಾಣಿಯ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ಓಡುವವನು ಮೂರು ಸೆಕೆಂಡಿನಲ್ಲಿ ಸುಮಾರು 67 ಮೀಟರ್ ದಾಟುತ್ತಾನೆ. ಅವನಿಗೆ 22 ಅಂಗುಲದ ಅಕ್ಷರ ಬೇಕು. ಗಿರಾಕಿ ಆ ಬೋರ್ಡಿನಲ್ಲಿ ಹದಿನೆಂಟು ಬಗೆಯ ಸಾಮಾನಿನ ಪಟ್ಟಿ ಕೇಳುತ್ತಾನೆ. ಬೇಡವೆಂದು ಹೇಳಿ ಒಪ್ಪಿಸುವುದೇ ಆ ದಿನದ ದುಡಿಮೆ, ಬರೆಯುವುದು ಆಮೇಲಿನದು.

ಗಿಲಾವು ಗೋಡೆಯಲ್ಲ. ಬೋಲ್ಟು ಬಿಗಿಯಾದಂತೆ ಕಂಡರೂ ಅದು ಹಿಡಿದಿರುವುದು ಅರ್ಧ ಅಂಗುಲದ ಸುಳ್ಳನ್ನು. ಆಷಾಢದ ಗಾಳಿ ಒಂದೇ ರಾತ್ರಿಯಲ್ಲಿ ಪರೀಕ್ಷೆ ಮುಗಿಸುತ್ತದೆ.

ಕಬ್ಬಿಣದ ಚೌಕಟ್ಟು ಎತ್ತುವವನು ಮೊದಲು ಗೋಡೆ ನೋಡಬಾರದು, ಆಕಾಶ ನೋಡಬೇಕು. 11 ಕೆ.ವಿ. ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು. ಬೋರ್ಡು ನಾಳೆ ಏರಬಹುದು. ಏಣಿ ಹತ್ತಿದ ಹುಡುಗ ಇವತ್ತೇ ಇಳಿಯಬೇಕು.

ಬಜಾರಿನಲ್ಲಿ ಬೋರ್ಡಿನ ಎತ್ತರ ನಿರ್ಧರಿಸುವುದು ಕಬ್ಬು. ಬೇಸಿಗೆಯಲ್ಲಿ ಅಳೆದು ತೂಗಿ ಹಾಕಿದ್ದನ್ನು ಹಂಗಾಮಿನ ಮೊದಲ ಲೋಡು ಸವರಿಕೊಂಡು ಹೋಗುತ್ತದೆ.

ಕುಂಚದ ಕಾಲದಲ್ಲಿ ತಪ್ಪಿಗೆ ಸೀಮೆಎಣ್ಣೆಯ ಬಟ್ಟೆಯಿತ್ತು. ಬಣ್ಣ ಒಣಗುವ ತನಕ ವಾಯಿದೆ. ಯಂತ್ರ ಕತ್ತರಿಸಿದ ಅಕ್ಷರಕ್ಕೆ ವಾಯಿದೆಯಿಲ್ಲ. ಕೆಲಸ ವೇಗವಾದಷ್ಟೂ ತಪ್ಪು ತುಟ್ಟಿಯಾಯಿತು.

ಮೊಬೈಲಿನಲ್ಲಿ ಸರಿಯಿದ್ದ ಕನ್ನಡ ಅಂಗಡಿಯ ಕಂಪ್ಯೂಟರಿಗೆ ಬಂದು ಒಡೆಯುತ್ತದೆ. ಯೂನಿಕೋಡ್ ಹಳೆಯ ತಂತ್ರಾಂಶಕ್ಕೆ ತಿಳಿಯದು, ಹಳೆಯ ‘ನುಡಿ’ ಫಾಂಟಿನ ಕಡತ ಹೊಸ ಮೊಬೈಲಿಗೆ ತಿಳಿಯದು. ಎರಡು ಯಂತ್ರಗಳ ನಡುವಿನ ಈ ಸಂದಿಯಲ್ಲಿ ಕಾವಲಿಗೆ ಓದು ಬಲ್ಲ ಮನುಷ್ಯನೇ ಬೇಕು.

ಛಾಪಿಸುವ ಮುನ್ನ ಬಾಯಿಬಿಟ್ಟು ಓದು. ಕಣ್ಣು ಮನ್ನಿಸಿದ ತಪ್ಪಿಗೆ ನಾಲಿಗೆ ಎಡವುತ್ತದೆ.

ನಡುರಾತ್ರಿ ಬಾಗಿಲು ಬಡಿದರೆ ಅದು ಶ್ರದ್ಧಾಂಜಲಿಯ ಫ್ಲೆಕ್ಸು. ಮಗನ ಮೊಬೈಲಿನಲ್ಲಿ ತಂದೆಯ ಫೋಟೊ ಇದೆ. ಯಾರದೋ ಮದುವೆಯಲ್ಲಿ ತೆಗೆದದ್ದು. ಪಕ್ಕದವರನ್ನು ಕತ್ತರಿಸಿ ತೆಗೆಯಬಹುದು. ಹೆಗಲ ಮೇಲೆ ಅವರಿಟ್ಟ ಕೈ ಮಾತ್ರ ಹೋಗುವುದಿಲ್ಲ. ಕಣ್ಮರೆಯಾದ ದಿನ ಮಗನಿಗೆ ಗೊತ್ತು, ಹುಟ್ಟಿದ ದಿನ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದಿದೆ. ಅದನ್ನೇ ಹಾಕಬೇಕು. ಆ ಫ್ಲೆಕ್ಸಿನಲ್ಲಿ ತಪ್ಪು ಬಿದ್ದರೆ ಜಗಳಕ್ಕೆ ಯಾರೂ ಬರುವುದಿಲ್ಲ. ಅದಕ್ಕೇ ಅದನ್ನು ಎರಡು ಸಲ ಓದಬೇಕು.

ಹುಟ್ಟುಹಬ್ಬಕ್ಕೆ ಚೌಕಾಸಿ ನಡೆಯಲಿ. ಶ್ರದ್ಧಾಂಜಲಿಗೆ ಬೇಡ.

ಅಭಿಮಾನ ಮೂರು ದಿನದ್ದು, ಪ್ಲಾಸ್ಟಿಕ್ ಮೊಮ್ಮಕ್ಕಳ ಕಾಲದ್ದು. ರಾಜ್ಯ 2016ರಲ್ಲಿಯೇ ಫ್ಲೆಕ್ಸನ್ನು ನಿಷೇಧಿಸಿತು. ಯಂತ್ರಗಳು ಇನ್ನೂ ಓಡುತ್ತಿವೆ. ಬಟ್ಟೆಯ ಬ್ಯಾನರಿಗೂ ತಗಡಿನ ಬೋರ್ಡಿಗೂ ಮರಳುವ ದಾರಿಯನ್ನು ಈ ಕಸುಬಿನವರೇ ಮೊದಲು ತುಳಿಯಬೇಕು. ಈ ಕಸವನ್ನು ಊರಿಗೆ ತಂದವರು ಅವರೇ.

ಸಮಾರಂಭ ಮುಗಿದ ಫ್ಲೆಕ್ಸು ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಿಗೆ ಹೋಗುತ್ತದೆ. ನಗುವ ಮುಖ ಒಳಗಡೆ, ಬಿಳಿಯ ಬೆನ್ನು ಹೊರಗಡೆ. ಇಬ್ಬನಿ ಬೀಳುವ ರಾತ್ರಿ ಅದರಡಿಯಲ್ಲಿ ಕೂಸೊಂದು ಮಲಗಿರುತ್ತದೆ. ಆ ಫ್ಲೆಕ್ಸು ಮೊದಲ ಸಲ ಉಪಯೋಗಕ್ಕೆ ಬಂದದ್ದು ಆಗ.

ನಿಪ್ಪಾಣಿ ತಂಬಾಕಿನಿಂದ ಬೆಳೆದ ಊರು. ಶಾಲೆಯ ಗೋಡೆಗೆ, ಆಸುಪಾಸಿನಲ್ಲಿ ತಂಬಾಕು ಮಾರಕೂಡದೆಂದು ಬರೆದು ಮನೆಗೆ ಬಂದವನ ಅವ್ವ ಬೀಡಿ ಎಲೆ ಕತ್ತರಿಸುತ್ತ ಕೂತಿರುತ್ತಾಳೆ. ಬರಹವೂ ಸತ್ಯ, ಅವ್ವನ ಬೆರಳೂ ಸತ್ಯ.

ಕೃಷ್ಣೆಯೂ ಗೋಡೆಗೆ ಗೆರೆ ಎಳೆಯುತ್ತಾಳೆ. 2019ರ ಆಗಸ್ಟಿನ ನೆರೆಯಲ್ಲಿ ಎಳೆದದ್ದು ಹಲವು ಮನೆಗಳ ಕಿಟಕಿಗಿಂತ ಮೇಲಿತ್ತು. ನೀರಿಳಿದ ಮೇಲೆ ಅದನ್ನು ಸುಣ್ಣ ಹೊಡೆದು ಅಳಿಸಿದರು. ಅಳಿಸಬಾರದಿತ್ತು. ಹೊಳೆಸಾಲಿನ ಪ್ರತಿ ಊರಿನ ಶಾಲೆಯ ಗೋಡೆಯಲ್ಲಿ ಆ ಗೆರೆಯನ್ನು ನೀಲಿ ಬಣ್ಣದಲ್ಲಿ, ಇಸವಿ ಸಮೇತ ಉಳಿಸಬೇಕಿತ್ತು.

ಉದ್ರಿ ಕೊಟ್ಟ ಬೋರ್ಡನ್ನು ಮರಳಿ ತರಲಾಗದು. ಕಿರಾಣಿಯವನ ಸಕ್ಕರೆ ಇನ್ನೊಬ್ಬನಿಗೆ ಮಾರೀತು. ಒಬ್ಬನ ಹೆಸರು ಇನ್ನೊಬ್ಬನ ಬಾಗಿಲಿಗೆ ಹೊಂದದು. ಆದ್ದರಿಂದ ಅರ್ಧ ಹಣ ಮೊದಲು. ಇದು ಗಿರಾಕಿಯ ಮೇಲಿನ ಸಂಶಯವಲ್ಲ, ಸರಕಿನ ಸ್ವಭಾವ.

ಚುನಾವಣೆಗೆ ಮುನ್ನ ಬೋರ್ಡು ಏರಿಸಲು ಕರೆದವರೇ ನೀತಿಸಂಹಿತೆ ಬಂದ ದಿನ ಇಳಿಸಲು ಕರೆಯುತ್ತಾರೆ. ಏರಿಸಿದ್ದಕ್ಕೆ ಹಣ ಸಿಗುವ ಮೊದಲು ಇಳಿಸಬಾರದು.

ಬಣ್ಣ ಮಾಸುವುದನ್ನು ಬಿಸಿಲಿನ ಮೇಲೆ ಹೊರಿಸುವುದು ಸುಲಭ. ಇದೇ ಬಿಸಿಲಿನಲ್ಲಿ ಇಪ್ಪತ್ತು ವರ್ಷ ನಿಂತ ತಗಡೂ ಇದೇ ಬಜಾರಿನಲ್ಲಿದೆ.

ಅಂಗಡಿಯ ಅತಿ ಅಗ್ಗದ ಕೆಲಸ, ಕಬ್ಬಿನ ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸುವುದು. ಅದರಲ್ಲಿ ಅಕ್ಷರವಿಲ್ಲ. ಗಡಿಯ ಈಚೆ ಉಗಾರದವನೂ ಓದುತ್ತಾನೆ, ಆಚೆ ಮಿರಜದವನೂ ಓದುತ್ತಾನೆ, ಓದು ಬಾರದವನೂ ಓದುತ್ತಾನೆ.

ಮಣ್ಣು ಒರೆಸದೆ ಅಂಟಿಸಿದ ಪಟ್ಟಿ ಮಣ್ಣಿನ ಜೊತೆಗೇ ಉದುರುತ್ತದೆ. ಜೋತು ಬಿದ್ದ ಕಬ್ಬಿನ ಸೋಗೆಯಡಿ ಮುಚ್ಚಿಹೋದ ಪಟ್ಟಿ ಇದ್ದೂ ಇಲ್ಲ. ಜೋಡು ಟ್ರೇಲರಾದರೆ ಎರಡಕ್ಕೂ ಬೇಕು, ಹಿಂದೆಯೂ ಬೇಕು, ಪಕ್ಕಕ್ಕೂ ಬೇಕು.

ರಾಯಬಾಗ, ಅಥಣಿ, ಕಾಗವಾಡದ ಟ್ರ್ಯಾಕ್ಟರಿನವರು ಕಾರ್ಖಾನೆಯ ಭೋಂಗಾ ಕೂಗುವ ಮೊದಲೇ ಬನ್ನಿ. ಈ ಒಂದು ಕೆಲಸಕ್ಕೆ ಉದ್ರಿ ನಡೆಯುತ್ತದೆ.